ಕಿಲ್ಲೇದಾರನ ಮನೆ ಬಾಗಿಲು

ಪೇಟ ತಲೆಗೆ ನಿಲ್ಲುತ್ತಿರಲಿಲ್ಲ. ನಾಟಕ ಮಂಡಳಿಯ ಇಬ್ಬರು ಹೆಣದ ಅಕ್ಕಪಕ್ಕ ಮಂಡಿಯೂರಿ ಕೂತು, ಜರಿಯಂಚಿನ ಬಿಳಿ ಪೇಟವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಕಾಯಿಲೆ ಹಿರಾಮಣನ ಕೆನ್ನೆ ಕೊರಳುಗಳನ್ನೆಲ್ಲ ತಿಂದುಹಾಕಿತ್ತು. ತಲೆಯೂ ಸಣ್ಣದಾದಂತೆ ಕಾಣುತ್ತಿತ್ತು. ಕೊನೆಗೆ ಒಬ್ಬ ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಮಡಚಿ ಒಳಗೆ ತುರುಕಿದ. ಪೇಟ ಹುಬ್ಬಿನವರೆಗೆ ಇಳಿದು ನಿಂತಿತು.

"ಈಗ ನೋಡ್ರಿ, ಕಿಲ್ಲೇದಾರ!" ಎಂದ ಅವನು.

ಅಂಗಳದಲ್ಲಿ ನೆರೆದಿದ್ದವರು ಒಬ್ಬೊಬ್ಬರಾಗಿ ಬಂದು ಕೈಮುಗಿದರು. ನದಿಯಾಚೆಯ ಹಳ್ಳಿಗಳಿಂದಲೂ ಜನ ಬಂದಿದ್ದರು. ಗಂಡನ ಕಾಲ ಹತ್ತಿರ ಗೋಡೆಗೊರಗಿ ಕೂತಿದ್ದ ವಚ್ಛಲಾ ಅವರ ಮುಖಗಳನ್ನು ನೋಡಿದಳು. ಅವರಲ್ಲಿ ಹೆಚ್ಚಿನವರಿಗೆ ಹಿರಾಮಣ ನಾಕಾಡೆ ಎಂಬ ಸಣ್ಣ ಭತ್ತದ ರೈತ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಕಿಲ್ಲೇದಾರ ಮಾತ್ರ.

ವೈನ್‌ಗಂಗಾ ನದಿಯ ಈ ಭತ್ತದ ಸೀಮೆಯಲ್ಲಿ ಕೊಯ್ಲು ಮುಗಿದರೆ ಹೋಳಿಯವರೆಗೂ ಊರೂರಲ್ಲಿ ನಾಟಕ. ಈ ಊರಿನ, ಬೋರಟೋಲಾದ, ಮಂಡಳಿ ಆಡುತ್ತಿದ್ದದ್ದು ಎರಡೇ ನಾಟಕ, ಎರಡರಲ್ಲೂ ನಾಯಕ ಸಾಯುತ್ತಾನೆ. ಒಂದರಲ್ಲಿ ಕೋಟೆ ಕಾಯುವ ಕಿಲ್ಲೇದಾರ. 'ನಾನು ಬರುವ ತನಕ ಬಾಗಿಲು ತೆಗೆಯಬೇಡ' ಎಂದು ಯುದ್ಧಕ್ಕೆ ಹೋದ ಅರಸ ಅಲ್ಲಿಯೇ ಸತ್ತುಹೋದರೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಗಿಲು ತೆಗೆಯದೆ ಕೂತು, ಹಸಿದು ಸಾಯುವವನು. ಇನ್ನೊಂದರಲ್ಲಿ ಒಬ್ಬ ರಾಜ. ಯಾರೋ ಕಿವಿಯೂದಿದ್ದನ್ನು ನಂಬಿ, ತಮ್ಮನ ಕೋಣೆಯ ಬಾಗಿಲು ಒದ್ದು ಒಳಹೊಕ್ಕು ಅವನನ್ನು ಕಡಿದುಹಾಕಿ, ಆಮೇಲೆ ನಿಜ ತಿಳಿದು ತಾನೂ ಸಾಯುವವನು. ಕಿಲ್ಲೇದಾರನ ಪಾತ್ರ ಹಿರಾಮಣನದು. ರಾಜನ ಪಾತ್ರ ಅವನ ಗೆಳೆಯ, ವಡಸಾ ಪೇಟೆಯಲ್ಲಿ ಬಟ್ಟೆ ಹೊಲಿಯುವ ದೋಮಾಜಿಯದು. ಒಬ್ಬ ಬಾಗಿಲು ತೆಗೆಯದೆ ಕೆಟ್ಟ, ಇನ್ನೊಬ್ಬ ಬಾಗಿಲು ಒಡೆದು ಕೆಟ್ಟ ಎಂಬುದು ಆ ಸೀಮೆಯಲ್ಲಿ ಗಾದೆಯೇ ಆಗಿಹೋಗಿತ್ತು.

ಅಂಗಳದ ಮೂಲೆಯಲ್ಲಿ ಹಸಿ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದವರ ನಡುವೆ ಈಗಲೂ ಅದೇ ಮಾತು.

"ಏನಾರ ಅನ್ರಿ, ಕಿಲ್ಲೇದಾರನಂಥ ಗಂಡು ಇನ್ನ ಹುಟ್ಟಂಗಿಲ್ಲ. ವೈರಿಗಳು ಹೊಟ್ಟಿ ಮಗನ್ನ ತಂದು ಬಾಗಲ ಮುಂದ ನಿಲ್ಲಿಸಿ, ಕುತಗಿಗೆ ಕತ್ತಿ ಹಿಡದ್ರೂ ಅಗಳಿ ತಗೀಲಿಲ್ಲ."

"ಸತ್ತಾವಗ ಕೊಟ್ಟ ಮಾತು ಹಿಡಕೊಂಡು ಕೂತ. ಅದೇನ್ ದೊಡ್ಡಸ್ತಿಕಿ? ರಾಜನ್ನ ನೋಡು. ತಪ್ಪಾತು ಅಂತ ತಿಳದ ಗಳಿಗಿಗೇ ಒಬ್ಬನ ವೈರಿ ದಂಡಿನಾಗ ನುಗ್ಗಿದ. ಅದು ಸಾವು."

"ಅದು ಸಾವಲ್ಲೋ, ಅವಸರ. ಕೊಲ್ಲೂದಕ್ಕೂ ಅವಸರ, ಸಾಯೂದಕ್ಕೂ ಅವಸರ."

"ಹೆಣದ ಮುಂದ ಜಗಳಾ ಬ್ಯಾಡ್ರೋ!" ಎಂದು ಒಬ್ಬ ಮುದುಕ ಗದರಿದ.

"ಜಗಳಲ್ಲ ಕಾಕಾ, ಹಿರಾಮಣಗ ಇದ ಮಂತ್ರ."

ಸಣ್ಣಗೆ ನಗು ಎದ್ದು ಅಡಗಿತು. ಹಿರಾಮಣನ ಅಣ್ಣ ಉರ್ಕುಡಾ ಕೋಲೂರಿಕೊಂಡು ಬಂದು, "ಊಟದ ಹೊತ್ತಿನೊಳಗ ಎತ್ತಬೇಕು. ಬರಬೇಕಾದವರೆಲ್ಲಾ ಬಂದಾರ," ಎಂದ.

ವಚ್ಛಲಾಳ ತುಟಿ ಅಲುಗಿತು. ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಸುಗಂಧಾ ಬಾಗಿ ಕಿವಿಗೊಟ್ಟಳು.

"ಅಕಿಗೆ ಯಾರರೆ ಹೇಳಿ ಕಳಿಸ್ಯಾರೇನು?"

"ನಿಮ್ಮ ಭಾವಾರ ಎದ್ರಿಗೆ ಯಾರ್ ಹೇಳ್ತಾರ ತಂಗಿ," ಎಂದು ಸುಗಂಧಾ ಅವಳ ಬೆನ್ನು ಸವರಿದಳು.

*

ಮಗಳು ಶೇವಂತಾ ಆಗಿನ್ನೂ ಕಂಕುಳಲ್ಲಿದ್ದ ಕೂಸು. ನಾಟಕ ಮುಗಿದು ಮೂಡಲು ಕೆಂಪೇರುವ ಹೊತ್ತಿಗೆ ವಚ್ಛಲಾ ಚಹಾದ ಕಿಟ್ಲಿ ಹಿಡಿದು ಕಾಲುವೆಯ ದಂಡೆಗೆ ಹೋಗುತ್ತಿದ್ದಳು. ಅಲ್ಲಿ ಇಬ್ಬರು ನಾಯಕರೂ ಚಳಿಗೆ ನಡುಗುತ್ತ, ಮುಖಕ್ಕೆ ಕೊಬ್ಬರಿಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತ ಕೂತಿರುತ್ತಿದ್ದರು. ಒಂದು ಸಲ ಎರಡೂ ನಾಟಕಗಳನ್ನು ಬೆನ್ನುಬೆನ್ನಿಗೆ ಆಡಿದ್ದರು. ದೋಮಾಜಿಯ ಒಂದು ಕೆನ್ನೆ ರಾಜನದು, ಇನ್ನೊಂದು ಆಗಲೇ ದರ್ಜಿಯದು.

"ಹಿರಾಮಣ, ನಿನ್ನ ಕಿಲ್ಲೇದಾರ ಎದ್ದು ಒಂದು ಸಲ ಬಾಗಲಾ ತಗದಿದ್ರ ನಾಟಕ ಅಲ್ಲಿಗೇ ಮುಗೀತಿತ್ತು. ಮಗಾನೂ ಉಳೀತಿದ್ದ, ನಮ್ಮ ನಿದ್ದೀನೂ ಉಳೀತಿತ್ತು."

ಹಿರಾಮಣ ಯಾವ ಮಾತಿಗೂ ತಟ್ಟನೆ ಉತ್ತರ ಕೊಡುವವನಲ್ಲ. ಹಣೆಯ ಬಣ್ಣವನ್ನೆಲ್ಲ ಒರೆಸಿ, ಚಿಂದಿ ಮಡಚಿಟ್ಟು, ಆಮೇಲೆ ಎಂದ: "ನಿನ್ನ ರಾಜ ಒಂದ್ ಗಳಿಗಿ ಕುಂತು ಇಚಾರ ಮಾಡಿದ್ರ ನಾಟಕ ಶುರುವ ಆಗ್ತಿರಲಿಲ್ಲ."

ದೋಮಾಜಿ ಬಿದ್ದು ಬಿದ್ದು ನಕ್ಕ. "ಖರೇ ಐತಿ ನೋಡು. ನಿನ್ನವನ್ನ ನನ್ನ ನಾಟಕಕ್ಕ ಕಳಸು, ನನ್ನವನ್ನ ನಿನ್ನ ಕೋಟಿಗೆ ಕಳಸ್ತೀನಿ. ಇಬ್ರೂ ಬದಕ್ತಾರ!"

"ಇಬ್ರೂ ಬದಕಿದ್ರ ನೋಡಾಕ ಯಾರ್ ಬರ್ತಾರ?" ಎಂದಳು ವಚ್ಛಲಾ, ಚಹಾ ಬಸಿಯುತ್ತ.

"ಕೇಳಿದೇನೋ! ವೈನಿಗೆ ನಾವು ಸತ್ರನ ಚಂದ."

ಹಿರಾಮಣನೂ ನಕ್ಕ. ಕೂಸನ್ನು ಎತ್ತಿಕೊಂಡ. ಕೂಸು ಅವನ ಮೀಸೆಯ ಕಪ್ಪು ಹಿಡಿದು ಎಳೆದು ಕೈಯೆಲ್ಲ ಮಸಿ ಮಾಡಿಕೊಂಡಿತು. ಮನೆಗೆ ಬರುವಾಗ ಗದ್ದೆಯ ಬದುವಿನ ಮೇಲೆ ಅವನು ಮೆಲ್ಲಗೆ ಕೇಳಿದ್ದ: "ನಂಗ ರಾಜನ ಪಾರ್ಟು ಒಪ್ಪತೈತೇನು?"

"ನಿಮಗಾ?" ಎಂದು ಅವಳು ನಕ್ಕುಬಿಟ್ಟಿದ್ದಳು. "ಬಾಗಲಾ ಒದ್ಯಾಕ ಹೋಗಿ ಮೊದ್ಲ ಬಡೀತೀರಿ ನೀವು, 'ಬರಲೇನ್ರಿ' ಅಂತ."

ಅವನು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಉಳುಮೆಯ ದಿನಗಳಲ್ಲಿ ಅವಳು ಬುತ್ತಿ ಹೊತ್ತು ಹೋದಾಗ, ಎತ್ತುಗಳ ಹಿಂದೆ ನಡೆಯುತ್ತ ಅವನು ಗಟ್ಟಿಯಾಗಿ ಆಡುತ್ತಿದ್ದದ್ದು ರಾಜನ ಮಾತುಗಳನ್ನೇ. ಅವಳ ಸದ್ದು ಕೇಳಿದೊಡನೆ ನಿಲ್ಲಿಸಿಬಿಡುತ್ತಿದ್ದ.

*

ದೋಮಾಜಿ ಬಂದದ್ದು ಅಳುತ್ತಲೇ. ಓಣಿಯ ತುದಿಯಿಂದಲೇ ಅವನ ದನಿ ಕೇಳಿಸಿತು. ವಯಸ್ಸಾದರೂ ಅವನ ಎತ್ತರ ಬಾಗಿರಲಿಲ್ಲ. ಚಪ್ಪರದ ಗಳಕ್ಕೆ ತಲೆ ತಾಕಿಸಿಕೊಂಡೇ ಒಳಬಂದ. ಹೆಣದ ಎದುರು ಕುಸಿದು ಕೂತು ಎದೆ ಬಡಿದುಕೊಂಡ.

"ಏ ಸೋಂಬೇರಿ! ಎಲ್ಲಾದಕ್ಕೂ 'ತಡಿ, ತಡಿ' ಅಂತಿದ್ದೆಲ್ಲೋ! ಇದಕ್ಕ ಯಾಕ ಇಷ್ಟ್ ಗಡಿಬಿಡಿ ಮಾಡಿದಿ? ಇದೊಂದು ನನ್ನ ಕೆಲಸ ಆಗಿತ್ತಲ್ಲೋ!"

ಅಂಗಳದಲ್ಲಿ ಹಲವರು ಕಣ್ಣೊರೆಸಿಕೊಂಡರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅವನು ವಚ್ಛಲಾಳ ಕಡೆ ತಿರುಗಿದ. ದನಿ ತಗ್ಗಿಸಿದರೂ ರಂಗದ ಗಂಟಲು, ಎಲ್ಲರಿಗೂ ಕೇಳಿಸಿತು.

"ವೈನಿ, ಶೇವಂತಾನ್ನ ಕರಕೊಂಡು ಬಂದೀನಿ. ಹುಣಸೀಮರದ ಕೆಳಗ ನಿಂತಾಳ. ಕರೀದ ಹೊರ್ತು ಒಳಗ ಬರಂಗಿಲ್ಲ ಅಂತಾಳ."

ಬಿದಿರು ಸೀಳುವ ಸದ್ದು ನಿಂತಿತು.

*

ಶೇವಂತಾ ಹೊಳೆಯಾಚೆಯ ಮೀನುಗಾರರ ಹುಡುಗನ ಜೊತೆ ಹೋದದ್ದು ನಾಟಿಯ ದಿನಗಳಲ್ಲಿ. ಹಿರಾಮಣ ಬೈಯಲಿಲ್ಲ, ಹುಡುಕಲಿಲ್ಲ. "ತಡಿ, ನೋಡೂಣು," ಎಂದ. ಭತ್ತ ಹೊಡೆಕಟ್ಟಿತು, ಕೊಯ್ಲಾಯಿತು. ಒಂದು ಮಧ್ಯಾಹ್ನ ಅವಳೇ ಬಂದಳು, ಒಬ್ಬಳೇ. ಅವಳನ್ನು ಓಣಿಯಲ್ಲಿ ಕಂಡ ಉರ್ಕುಡಾ ಮೊದಲು ಓಡಿಬಂದು, ತಮ್ಮನ ಮನೆಯ ಬಾಗಿಲನ್ನು ತಾನೇ ಎಳೆದು, "ಒಳಗಿನಿಂದ ಅಗಳಿ ಹಾಕೋ," ಎಂದು ಕೂಗಿದ. ಹಿರಾಮಣ ಹಾಕಿದ. ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ಕುಕ್ಕರಿಸಿದ.

"ಬಾಬಾ," ಎಂದಳು ಶೇವಂತಾ ಹೊರಗಿನಿಂದ. "ಬಾಬಾ, ಬಾಗಲಾ ತಗೀರಿ. ನೋಡಿ ಹೋಗ್ತೀನಿ, ಅಷ್ಟ."

ವಚ್ಛಲಾ ಗಂಡನ ರಟ್ಟೆ ಹಿಡಿದು ಎಳೆದಳು. "ಏಳ್ರಿ."

"ತಡಿ," ಎಂದ.

"ಅಕಿ ಹೋಗಿಬಿಡ್ತಾಳ್ರಿ. ಏಳ್ರಿ!"

"ತಡಿ, ಒಂಚೂರು ತಡಿ." ಅವನಿಗೆ ಸಿಟ್ಟು ಬಂದಿರಲಿಲ್ಲ. ಎದ್ದರೆ ಏನು ಹೇಳಬೇಕು, ಮೊದಲು ಕೈ ಎಲ್ಲಿಡಬೇಕು ಎಂದು ಮಾತು ಹುಡುಕುತ್ತಿದ್ದವನಂತೆ ತುಟಿ ಆಡುತ್ತಿತ್ತು. ಹೊರಗೆ ಜನ ಸೇರಿದರು. ಯಾರೋ ಕೂಗಿದರು: "ಶಾಬಾಸ್ ಕಿಲ್ಲೇದಾರ! ತಗೀಬ್ಯಾಡ!" ವಚ್ಛಲಾ ಇನ್ನೊಮ್ಮೆ ಎಳೆದಳು. ಅವನು ಅಲುಗಲಿಲ್ಲ. ಅವಳ ಕೈಯೂ ಸೋತಿತು.

ಶೇವಂತಾ ಇನ್ನೆರಡು ಸಲ ಕರೆದಳು. ಆಮೇಲೆ ಕರೆಯಲಿಲ್ಲ.

ಹಿರಾಮಣ ಕೊನೆಗೂ ಎದ್ದ. ಅಗಳಿ ಎತ್ತಿ ಬಾಗಿಲು ತೆಗೆದ. ಹೊರಗೆ ಊರಿಗೆ ಊರೇ ನಿಂತಿತ್ತು, ಮಗಳಿರಲಿಲ್ಲ. ಅವನನ್ನು ಕಂಡೊಡನೆ ಜನ ಚಪ್ಪಾಳೆ ತಟ್ಟಿದರು. ಮಗಳನ್ನು ಓಡಿಸಿ ಗೆದ್ದು ಹೊರಬಂದ ಎಂದೇ ಅವರು ತಿಳಿದರು. ಅಗಳಿ ಕೈಯಲ್ಲಿ ಹಿಡಿದು ಅವನು ಜನರ ತಲೆಗಳ ಮೇಲಿಂದ ಓಣಿಯ ಉದ್ದಕ್ಕೂ ನೋಡಿದ.

ಆ ಚಳಿಗಾಲ ಕಿಲ್ಲೇದಾರನನ್ನು ನೋಡಲು ಬಂಡಿ ಕಟ್ಟಿಕೊಂಡು ಜನ ಬಂದರು. ಮಗನನ್ನು ಬಾಗಿಲ ಮುಂದೆ ತಂದು ನಿಲ್ಲಿಸುವ ದೃಶ್ಯಕ್ಕೆ ಎದ್ದು ನಿಂತು ಅತ್ತರು. ಮರುವರ್ಷ ಅವನು ಮಂಡಳಿಯ ಹಿರಿಯರ ಮುಂದೆ ಕೈಕಟ್ಟಿ ನಿಂತು, "ಒಂದ ಒಂದು ಸಲ ರಾಜನ ಪಾರ್ಟು ಮಾಡ್ತೀನಿ," ಎಂದು ಕೇಳಿದ. ಅವರು ನಕ್ಕು, "ಹುಚ್ಚೇನೋ ನಿನಗ? ಜನ ಕಲ್ಲು ಹೊಡೀತಾರ," ಎಂದರು. ದೋಮಾಜಿಯೊಬ್ಬ ನಗಲಿಲ್ಲ. ಹೊತ್ತಿಗೆ ಬಾಗಿಲು ತೆರೆಯದೆ ಹೋದ ಆ ಮಧ್ಯಾಹ್ನ, ಹಿಂದುಮುಂದು ನೋಡದೆ ಶೇವಂತಾಳನ್ನು ತನ್ನ ಮನೆಗೆ ಕರೆದೊಯ್ದು, ಅವಳ ಗಂಡನನ್ನೂ ಕರೆಸಿಕೊಂಡು, ಅವಳನ್ನು ಅಂಗಡಿಯಲ್ಲಿ ಒಂದು ಹೊಲಿಗೆ ಯಂತ್ರದ ಮುಂದೆ ಕೂರಿಸಿದವನು ಅವನು.

ವಚ್ಛಲಾ ಕಾದಳು. ವಡಸಾ ಎಷ್ಟು ದೂರ? ಬಸ್ಸು ಹತ್ತಿದರೆ ಬಂತು. ಆದರೆ ಗಂಡನನ್ನು ಬಿಟ್ಟು ತಾನೊಬ್ಬಳೇ ಹೋದರೆ ಅವನೊಬ್ಬನೇ ಬಾಗಿಲು ಹಾಕಿದವನಾಗಿ ಉಳಿದುಬಿಡುತ್ತಾನೆ. ಒಂದು ದಿನ ಅವನೇ "ನಡಿ, ಹೋಗಿ ಬರೂಣು" ಅನ್ನುತ್ತಾನೆ ಎಂದು ಕಾದಳು. ಪ್ರತಿ ದೀಪಾವಳಿಗೆ ಶೇವಂತಾಳ ಪಾಲಿನ ಕರ್ಜಿಕಾಯಿಯನ್ನು ಬೇರೆಯೇ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು. ಅದು ಮೆತ್ತಗಾದ ಮೇಲೆ ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದರು.

*

"ಅಕಿ ಒಳಗ ಬರೂದು ಬ್ಯಾಡ," ಎಂದ ಉರ್ಕುಡಾ. "ಬದುಕಿದ್ದಾಗ ನನ್ನ ತಮ್ಮ ಬಾಗಲಾ ತಗೀಲಿಲ್ಲ. ಸತ್ತ ಮ್ಯಾಲ ಅವನ ಮಾತು ಮುರೀಬ್ಯಾಡ್ರಿ. ಕಿಲ್ಲೇದಾರ ಕಿಲ್ಲೇದಾರನಾಗಿ ಹೋಗ್ಲಿ."

ಕೆಲವರು ತಲೆಯಾಡಿಸಿದರು. ದೋಮಾಜಿ ಎದ್ದು ನಿಂತ.

"ಮಾತು? ಯಾರ ಮಾತು? ಉರ್ಕುಡಾದಾದಾ, ನಿನಗೊಂದು ಗೊತ್ತೈತೇನು? ಪ್ರತಿ ಸಂತೀ ದಿನ ನಿನ್ನ ತಮ್ಮ ನನ್ನ ಅಂಗಡಿ ಎದ್ರಿಗೆ, ರಸ್ತೆ ಆಚೀಗೆ, ಬೇವಿನಮರದ ಕೆಳಗ ನಿಂದರತಿದ್ದ. ಒಳಗ ಶೇವಂತಾ ಹೊಲಿಯೂದು ನೋಡಕೋತ. ನಾನು ಕೈಮಾಡಿ ಕರೀತಿದ್ದೆ. ಇಂವ 'ತಡಿ, ತಡಿ' ಅಂತ ಕೈ ಅಲ್ಲಾಡಸ್ತಿದ್ದ. ಬಿಸಲು ಇಳಿಯೂತನಕಾ ನಿಂತು ಬಸ್ಸು ಹತ್ತತಿದ್ದ."

ವಚ್ಛಲಾ ತಲೆಯೆತ್ತಿದಳು. "ಸಂತೀಗೆ... ಹಿಂಡಿ ತರಾಕಂತ ಹೋಗ್ತಿದ್ರು."

"ಹಿಂಡೀನೂ ತರ್ತಿದ್ದ, ವೈನಿ. ಕಾಲಾಗ ಇಟ್ಕೊಂಡ ನಿಂದರತಿದ್ದ."

"ಅಕಿಗೆ ಗೊತ್ತಿತ್ತೇನು?"

"ಗೊತ್ತಿರದ ಏನು? ಯಂತ್ರಾನ್ನ ಬಾಗಲ ಕಡೆ ತಿರಿಗಿಸಿ ಹಾಕಿಸ್ಕೊಂಡಿದ್ಲು. ಸಂತೀ ದಿನ ಹೊಸಾ ಸೀರಿ ಉಡತಿದ್ಲು. 'ಹೋಗಿ ಮಾತಾಡಸಬೇ' ಅಂದ್ರ, 'ಅವರು ದಾಟಿ ಬರಲಿ ಕಾಕಾ, ಬರ್ತಾರ' ಅಂತಿದ್ಲು. ಅಪ್ಪನ ಮಗಳು! ನಡುವ ಒಂದು ರಸ್ತೆ. ನನಗ ತಡೀಲಿಕ್ಕಾಗದ ಒಮ್ಮೆ ಹೋಗಿ ಇವನ ಕೈ ಹಿಡದು ಎಳದೆ. ಅರ್ಧ ರಸ್ತೆ ತನಕಾ ಬಂದ. ಲಾರಿ ಬಂತು ಅಂತ ಹಿಂದ ಸರದ. ಆಮ್ಯಾಲ ಮೂರು ಸಂತಿ ಬರಲಿಲ್ಲ. ನಾನೂ ಎಳ್ಯೂದು ಬಿಟ್ಟೆ."

ವಚ್ಛಲಾಳ ಎದೆಯಲ್ಲಿ ಮೊದಲು ಎದ್ದದ್ದು ಅಳುವಲ್ಲ, ಸಿಟ್ಟು. ಅಷ್ಟು ಸಂತೆಗಳು! ಸಂಜೆ ಬಂದು ಹಿಂಡಿಯ ಚೀಲ ಇಳಿಸಿ, ನೀರು ಕೇಳಿ, ಗೋಡೆ ನೋಡುತ್ತ ಕೂರುತ್ತಿದ್ದನಲ್ಲ. ಮಗಳು ಕೆಂಪು ಸೀರೆ ಉಟ್ಟಿದ್ದಳೆಂದೋ ಹಸಿರು ಸೀರೆ ಉಟ್ಟಿದ್ದಳೆಂದೋ ಒಂದು ಮಾತು ಹೇಳಿದ್ದರೆ, ಅವಳು ಅದನ್ನು ಮೆಲುಕು ಹಾಕುತ್ತ ಇನ್ನೊಂದು ಸಂತೆಯವರೆಗೆ ಬದುಕುತ್ತಿದ್ದಳು. ಅವನು ಕಾದ, ಮಗಳು ಕಾದಳು, ತಾನೂ ಕಾದಳು. ಒಂದೇ ಮನೆಯ ಮೂರು ಜನ.

ಅವಳು ನೆಲಕ್ಕೆ ಕೈಯೂರಿದಳು.

"ಏಳಬ್ಯಾಡ ತಂಗಿ," ಎಂದು ಸುಗಂಧಾ ಹಿಡಿದಳು. "ಇನ್ನೂ ಬಳಿ ಒಡಿಯೂದೈತಿ. ಹೆಣದ ಹತ್ರದಿಂದ ಏಳಬಾರದು."

ವಚ್ಛಲಾ ಅವಳ ಕೈ ಬಿಡಿಸಿ ಎದ್ದಳು. ಉರ್ಕುಡಾ ಹೊಸ್ತಿಲಿಗೆ ಕೋಲು ಅಡ್ಡ ಹಿಡಿದ. ಅವಳು ಎಂದೂ ಅವನ ಎದುರು ಸೆರಗು ಸರಿಸಿದವಳಲ್ಲ. ಈಗಲೂ ಸರಿಸಲಿಲ್ಲ.

"ಭಾವಾರ, ಕೋಲು ತಗೀರಿ."

"ಏ ವಚ್ಛಲಾ, ಜನ ಏನಂದಾರು? ಅವನ ಹೆಸರು..."

"ಅವರ ಹೆಸರು ಹಿರಾಮಣ, ಭಾವಾರ. ಅವತ್ತ ಬಾಗಲಾ ಎಳದಾವ್ರು ನೀವು, ಚಪ್ಪಾಳಿ ಹೊಡದಾವ್ರು ಇವರು. ಅಗಳಿ ಎತ್ತಿದ್ದು ಅವರು. ತಡಾ ಆತು, ಆದ್ರ ಎತ್ತಿದ್ರು. ಅದನ್ನ ನಾ ಒಬ್ಬಾಕಿನ ನೋಡೀನಿ."

ಉರ್ಕುಡಾ ಜನರ ಕಡೆ ನೋಡಿದ. ಜನ ನೆಲ ನೋಡುತ್ತಿದ್ದರು. ಕೋಲು ತಾನಾಗಿ ಕೆಳಗಿಳಿಯಿತು.

ಅಂಗಳ ದಾಟಿ, ಗಂಡಸರ ನಡುವೆ ಹಾದು, ಬರಿಗಾಲಲ್ಲಿ ಅವಳು ಓಣಿಗಿಳಿದಳು. ಹುಣಸೆಮರದ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಮೈ ತುಂಬಿಕೊಂಡಿತ್ತು, ಕಿವಿಯ ಮೇಲೆ ಒಂದೆರಡು ನರೆಗೂದಲು. ವಚ್ಛಲಾಳ ನೆನಪಿನಲ್ಲಿ ಇದ್ದದ್ದು ಹುಡುಗಿ.

"ಆಯಿ," ಎಂದಳು ಶೇವಂತಾ. ಕಾಲು ಮುಂದಿಡಲಿಲ್ಲ.

"ಊಟಾ ಮಾಡೀಯೇನು?" ಎಂದಳು ವಚ್ಛಲಾ.

"ಇಲ್ಲ ಆಯಿ."

"ಹೆಣಾ ಎತ್ತೂತನಕ ಮಾಡೂವಂಗೂ ಇಲ್ಲ. ನಡಿ."

"ಬಾಬಾ ಕರದಿದ್ರೇನು? ಹೋಗೂಮುಂದ?"

ಕರೆದಿದ್ದ ಎಂದು ವಚ್ಛಲಾ ಹೇಳಬಹುದಿತ್ತು. "ಬಾಯಿ ಬಿಟ್ಟು ಕರೀಲಿಲ್ಲವ್ವಾ. ಕರಿಯೂದು ಅವರಿಗೆ ಬರತಿರಲಿಲ್ಲ. ನಾ ಕರೀಲಿಕ್ಕೆ ಬಂದೀನಿ. ನನ್ನ ಸಲುವಾಗಿ ಬಾ."

ಶೇವಂತಾಳಿಗೆ ಒಮ್ಮೆಲೇ ಅಳು ಒತ್ತರಿಸಿ ಬಂತು. ತಾಯಿಯ ಹೆಗಲಿಗೆ ಹಣೆಯಿಟ್ಟಳು. ಇಬ್ಬರೂ ಹಾಗೇ ಒಬ್ಬರಿಗೊಬ್ಬರು ಆತುಕೊಂಡು ಓಣಿಯಲ್ಲಿ ನಡೆದು ಬಂದರು. ಅಂಗಳದ ಜನ ತಾವಾಗಿಯೇ ದಾರಿ ಬಿಟ್ಟರು.

ಒಳಗೆ ಬಂದ ಶೇವಂತಾ ಹೆಣದ ಮುಂದೆ ನಿಂತು ತಡವರಿಸಿದಳು. ಹುಬ್ಬಿನವರೆಗೆ ಪೇಟ, ಬದಿಯಲ್ಲಿ ನಾಟಕದ ಮರದ ಕತ್ತಿ. ಅವಳು ಹುಡುಕುತ್ತಿದ್ದ ಮುಖ ಅಲ್ಲಿರಲಿಲ್ಲ. ವಚ್ಛಲಾ ಬಾಗಿ ಪೇಟವನ್ನು ಎರಡೂ ಕೈಯಲ್ಲಿ ಎತ್ತಿದಳು. ಒಳಗೆ ತುರುಕಿದ್ದ ವಸ್ತ್ರವೂ ಕಳಚಿ ಬಿತ್ತು. ಬಿಸಿಲಿಗೆ ಕಪ್ಪಾದ ಬೋಳು ನೆತ್ತಿ, ಸುತ್ತ ನಾಲ್ಕು ಬಿಳಿ ಕೂದಲು. ಮಂಡಳಿಯವನೊಬ್ಬ ಏನೋ ಹೇಳಲು ಬಾಯಿ ತೆರೆದ. ದೋಮಾಜಿ ಅವನ ಭುಜ ಅದುಮಿದ.

"ಬಾಬಾ," ಎಂದಳು ಶೇವಂತಾ. ಅಂಗೈಯನ್ನು ಆ ನೆತ್ತಿಯ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ವಚ್ಛಲಾ ಅಳತೊಡಗಿದ್ದು ಆಗ.

ಚಟ್ಟ ಸಿದ್ಧವಾಯಿತು. ಬೆಂಕಿಯ ಗಡಿಗೆಯನ್ನು ಉರ್ಕುಡಾನ ಮಗ ಹಿಡಿದ. ಮಂಡಳಿಯ ಇಬ್ಬರು ಕಾಲಿನ ಕಡೆ ನಿಂತರು. ತಲೆಯ ಕಡೆ ಒಂದು ಬಿದಿರಿಗೆ ದೋಮಾಜಿ ಹೆಗಲು ಕೊಟ್ಟ. ಇನ್ನೊಂದಕ್ಕೆ ಯಾರು ಎಂದು ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗಲೇ ಶೇವಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ನಿಂತಳು.

"ಹೆಂಗಸ್ರು ಹೊರೂದಿಲ್ಲವಾ," ಎಂದ ಆ ಮುದುಕ, ಮೆತ್ತಗೆ.

"ಓಣಿ ದಾಟೂತನಕಾ ಹೊರ್ತೀನಿ ಅಜ್ಜಾ," ಎಂದಳು ಅವಳು. "ಆ ಮ್ಯಾಲ ನೀವು ಹೊರ್ರಿ."

ಮುದುಕ ಪಕ್ಕಕ್ಕೆ ಸರಿದ. ಎತ್ತಿದರು. ದೋಮಾಜಿ ಸಾಗುವಾನಿ ಮರದಂಥ ಆಳು. ಶೇವಂತಾ ಅವನ ಹೆಗಲಿಗೂ ಬರುತ್ತಿರಲಿಲ್ಲ. ಚಟ್ಟ ಅವಳ ಕಡೆಗೆ ಇಳಿಯಿತು. "ಮಟ್ಟ ಹಿಡೀರೋ, ಮಟ್ಟ!" ಎಂದು ಹಿಂದಿನಿಂದ ಕೂಗಿದರು. ದೋಮಾಜಿ ಮೊಣಕಾಲು ಬಗ್ಗಿಸಿ ನಡೆಯಲು ನೋಡಿದ, ಮುಗ್ಗರಿಸಿದ, ಮತ್ತೆ ನೆಟ್ಟಗಾದ. ಬಾಗಿಲಲ್ಲಿ ನಿಂತು ವಚ್ಛಲಾ ನೋಡುತ್ತಿದ್ದಳು. ಓಣಿಯ ತಿರುವಿಗೆ ಬಂದಾಗ ಚಟ್ಟ ಇನ್ನಷ್ಟು ವಾಲಿತು. ಹಿರಾಮಣನ ಬರಿದಲೆ ಹೂವುಗಳ ನಡುವೆ ಮೆಲ್ಲಗೆ ಹೊರಳಿ ಮಗಳ ಕಿವಿಯ ಹತ್ತಿರ ಬಂದು ನಿಂತಿತು. ಅವಳು ಬಿಡುವಾಗಿದ್ದ ಕೈಯೆತ್ತಿ ಅದಕ್ಕೆ ಆನಿಕೆ ಕೊಟ್ಟು, ಹಾಗೆಯೇ ನಡೆದಳು.